ಕ್ಯಾಂಟೀನ್ ಕಾರ್ಡ್ ಕೇಳೋ ಮುಂಚೆ: ಫೌಜಿ ಮನೆ ನಡೆಯೋದು ಹೇಗೆ?

ಹೋದ ವಾರದ ಮಾತಿನ ಬರಹ ರೂಪ ಇದು. ವಿಡಿಯೋದಲ್ಲಿ ಅವಸರದಲ್ಲಿ ಹೇಳಿದ್ದನ್ನ ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೀನಿ. ಓದೋಕೆ ಟೈಮ್ ಇಲ್ಲ ಅನ್ನೋರು ಕೊನೇ ಭಾಗ ಮಾತ್ರ ಓದಿದ್ರೂ ಸಾಕು, ಕೆಲಸಕ್ಕೆ ಬರೋದು ಅಲ್ಲೇ ಇದೆ.

ನಾನು ಹೈದರಾಬಾದ್‌ಗೆ ಬಂದು ಎಂಟು ವರ್ಷ ಆಯ್ತು. ಕೊಂಡಾಪುರದಲ್ಲಿ ಮನೆ, ಪಕ್ಕದಲ್ಲೇ ಆಫೀಸು. ನಮ್ಮ ಭಾವ ಸೈನ್ಯದಲ್ಲಿ ಹವಾಲ್ದಾರ್. ಅವರಿಗೆ ಸಿಕಂದರಾಬಾದ್‌ಗೆ ಪೋಸ್ಟಿಂಗ್ ಆಗಿ, ಅಕ್ಕ ಮಕ್ಕಳ ಜೊತೆ ತಿರುಮಲಗಿರಿ ಕಡೆ ಕ್ವಾರ್ಟರ್ಸ್‌ಗೆ ಬಂದಾಗ ನನಗೆ ಹಬ್ಬ. ಹಾಸನದ ಕಡೆಯ ನಮ್ಮನೆ ಸಾರು, ಮುದ್ದೆ ಒಂದು ಗಂಟೆ ದಾರಿಯಲ್ಲೇ ಸಿಗೋ ಹಾಗಾಯ್ತು.

ವಿಷಯ ಗೊತ್ತಾದ ತಕ್ಷಣ ಆಫೀಸಲ್ಲಿ ಎಲ್ಲರ ಮೊದಲ ಪ್ರಶ್ನೆ ಒಂದೇ. "ಗುರೂ, ಕ್ಯಾಂಟೀನ್ ಕಾರ್ಡ್ ಇರತ್ತಲ್ಲ? ಒಂದು ಟಿವಿ ಕೊಡಿಸು." ಊರಿಂದ ಚಿಕ್ಕಪ್ಪನ ಫೋನು: "ಮದ್ವೆಗೆ ನಾಲ್ಕು ಬಾಟ್ಲು ಆಗತ್ತೇನೋ ಕೇಳು." ಬೇರೆಯವರ ಮಾತ್ಯಾಕೆ, ನಾನೇ ಹೊಸ ಮನೆಗೆ ಫ್ರಿಜ್ ಬೇಕು ಅಂತ ಅಕ್ಕನ್ನ ಕೇಳಿದ್ದೆ. ಅವಳು ಚಪಾತಿ ಲಟ್ಟಿಸ್ತಾ ತಲೆ ಎತ್ತದೆ ಹೇಳಿದಳು: "ಲೋ, ಅದು ನಿಂಗೆ ಸೇರಿದ್ದಲ್ಲ ಕಣೋ." ಆಗ ನನಗೆ ಸ್ವಲ್ಪ ಬೇಜಾರೇ ಆಯ್ತು. ಅವಳು ಹೇಳಿದ್ದರ ಅರ್ಥ ತಿಳಿಯೋಕೆ ಎರಡು ವರ್ಷ ಹಿಡೀತು.

ಕ್ಯಾಂಟೀನ್‌ನಲ್ಲಿ ಯಾಕೆ ಅಗ್ಗ?

ನಾವು ಮಿಲಿಟರಿ ಕ್ಯಾಂಟೀನ್ ಅನ್ನೋದರ ಹಿಂದಿರೋದು ರಕ್ಷಣಾ ಸಚಿವಾಲಯದ ಕೆಳಗಿನ ಕ್ಯಾಂಟೀನ್ ಸ್ಟೋರ್ಸ್ ಡಿಪಾರ್ಟ್‌ಮೆಂಟ್, ಅಂದ್ರೆ ಸಿಎಸ್‌ಡಿ. 1948ರ ಜನವರಿ 1ರಿಂದ ಈ ಹೆಸರಲ್ಲಿ ನಡೀತಿದೆ. ಮುಖ್ಯ ಕಚೇರಿ ಮುಂಬೈನಲ್ಲಿ. ಅದು ಕಂಪನಿಗಳಿಂದ ಸಗಟಾಗಿ ಕೊಂಡು ದೇಶದ ಬೇರೆ ಬೇರೆ ಕಡೆಯ ಡಿಪೋಗಳಿಗೆ ಕಳಿಸತ್ತೆ. ಡಿಪೋದಿಂದ ಸರಕು ತಗೊಂಡು ಸೈನಿಕರಿಗೆ ಮಾರೋದು ಆಯಾ ಯೂನಿಟ್‌ನವರೇ ನಡೆಸೋ ಕ್ಯಾಂಟೀನ್. ನಮಗೆ ಕಾಣೋ ಅಂಗಡಿ ಇದು. ಇಲ್ಲಿ ಉಳಿಯೋ ಸಣ್ಣ ಲಾಭ ಆ ಯೂನಿಟ್‌ನವರ ಕಲ್ಯಾಣದ ಕೆಲಸಗಳಿಗೇ ಹೋಗತ್ತೆ.

ಅಗ್ಗ ಆಗೋಕೆ ಮೂರು ಕಾರಣ. ಒಂದು, ಸಗಟು ಖರೀದಿ. ಎರಡು, ಅಂಗಡಿಯವರ ಲಾಭ ತೀರಾ ಕಮ್ಮಿ. ಮೂರನೆಯದು ತೆರಿಗೆ. ಸಿಎಸ್‌ಡಿ ಕೊಂಡ ಸರಕಿಗೆ ಬೀಳೋ ಜಿಎಸ್‌ಟಿಯಲ್ಲಿ ಅರ್ಧ ಅದಕ್ಕೆ ವಾಪಸ್ ಬರತ್ತೆ. ನೂರು ರೂಪಾಯಿ ಸರಕಿಗೆ ಶೇಕಡ 18 ತೆರಿಗೆ ಅಂದ್ರೆ 18 ರೂಪಾಯಿ, ಅದರಲ್ಲಿ 9 ವಾಪಸ್. ಅಲ್ಲಿಂದ ಯೂನಿಟ್ ಕ್ಯಾಂಟೀನ್‌ಗೆ, ಅಲ್ಲಿಂದ ಸೈನಿಕರಿಗೆ ಮಾರುವಾಗ ಮತ್ತೆ ಜಿಎಸ್‌ಟಿ ಇಲ್ಲ. ಮದ್ಯ ಜಿಎಸ್‌ಟಿ ಹೊರಗಿರೋದ್ರಿಂದ ಅದರ ಲೆಕ್ಕ ಬೇರೆ. ಅಬಕಾರಿ ಆಯಾ ರಾಜ್ಯದ್ದು, ಅದಕ್ಕೇ ಒಂದೇ ಬಾಟಲಿಗೆ ಒಂದೊಂದು ರಾಜ್ಯದಲ್ಲಿ ಒಂದೊಂದು ರೇಟು.

ಅಂದ್ರೆ ಆ ರಿಯಾಯಿತಿಯಲ್ಲಿ ಒಂದು ಪಾಲು ಸರ್ಕಾರ ಬಿಟ್ಟುಕೊಟ್ಟ ತೆರಿಗೆ. ಅದು ಕಾರ್ಡ್ ಇರೋ ಮನೆಯ ಬಳಕೆಗೆ ಮಾತ್ರ. ದಿನಸಿ, ಸೋಪು, ಟೀಪುಡಿಗೆ ಸ್ಮಾರ್ಟ್ ಕಾರ್ಡ್‌ನಲ್ಲಿ ಹುದ್ದೆಗೆ ತಕ್ಕ ಹಾಗೆ ತಿಂಗಳ ಮಿತಿ ಇರತ್ತೆ. ನನಗೆ ಎರಡು ಡಬ್ಬ ಹಾರ್ಲಿಕ್ಸ್ ಕೊಡಿಸಿದ್ರೆ ಅಕ್ಕನ ಮನೆಯ ಎರಡು ಡಬ್ಬ ಕಮ್ಮಿ ಆಗತ್ತೆ. ಕಾರು, ಬೈಕು, ಫ್ರಿಜ್, ಟಿವಿ ಥರದ್ದಕ್ಕೆ ಬೇರೆ ವ್ಯವಸ್ಥೆ. ಎಎಫ್‌ಡಿ ಅಂತಾರೆ. ಇಂಥ ಮಾಡೆಲ್ ಬೇಕು ಅಂತ ಅರ್ಜಿ ಹಾಕಿ, ದುಡ್ಡು ಕಟ್ಟಿ, ಆರ್ಡರ್ ಬಂದಮೇಲೆ ಡೀಲರ್ ಹತ್ರ ತಗೊಳ್ಳೋದು. 2021ರಿಂದ ಇದು ಆನ್‌ಲೈನ್‌ನಲ್ಲೂ ಇದೆ. ಇಲ್ಲೂ ಹೆಸರು, ಲೆಕ್ಕ ಎಲ್ಲ ದಾಖಲಾಗತ್ತೆ. ಬೇರೆಯವರಿಗೆ ಕೊಡಿಸಿ ಸಿಕ್ಕಿಬಿದ್ರೆ ಶಿಸ್ತು ಕ್ರಮ ಆಗೋದು ಭಾವನ ಮೇಲೆ. ಹತ್ತು ಸಾವಿರ ಉಳಿಸೋಕೆ ಹೋಗಿ ಇಪ್ಪತ್ತು ವರ್ಷದ ಸರ್ವಿಸ್‌ಗೆ ಮಸಿ.

ಅಂಗಡಿಗಿಂತ ದೊಡ್ಡದು ಗೇಟಿನ ಒಳಗಿದೆ

ಭಾವನಿಗೆ ಫೀಲ್ಡ್ ಪೋಸ್ಟಿಂಗ್ ಬಂತು. ಅಂಥ ಜಾಗಕ್ಕೆ ಹೆಂಡತಿ ಮಕ್ಕಳನ್ನ ಕರ್ಕೊಂಡು ಹೋಗೋ ಹಾಗಿಲ್ಲ. ಹಾಗೆ ಬೇರೆ ಇರಬೇಕಾದ ಕುಟುಂಬಗಳಿಗೆ ಅಂತ ಕೆಲವು ಸ್ಟೇಷನ್‌ಗಳಲ್ಲಿ ವಸತಿ ಇರತ್ತೆ. ಅಕ್ಕನಿಗೆ ಸಿಕಂದರಾಬಾದ್‌ನಲ್ಲೇ ಮನೆ ಸಿಕ್ತು. ಎರಡನೇ ಮಗು ಆಗ ಹೊಟ್ಟೆಯಲ್ಲಿತ್ತು.

ಐಟಿಯಲ್ಲಿರೋ ನಾವೂ ಊರು ಬಿಟ್ಟು ಬಂದೋರೇ. ಆದ್ರೆ ನಮಗೆ ಬೇಡ ಅನ್ನಿಸಿದ್ರೆ ಕೆಲಸ ಬದಲಾಯಿಸ್ತೀವಿ, ಮನೆಯಿಂದ ಕೆಲಸ ಕೇಳ್ತೀವಿ. ಅಕ್ಕನ ಮನೇಲಿ ಎರಡು ಮೂರು ವರ್ಷಕ್ಕೊಮ್ಮೆ ಊರು ಬದಲು, ಶಾಲೆ ಬದಲು. ಗಂಡನ ಫೋನು ಸಿಗ್ನಲ್ ಇದ್ದಾಗ ಮಾತ್ರ. ಅತ್ತೆ ಮಾವ, ಅಪ್ಪ ಅಮ್ಮ ಎಲ್ಲ ಆರುನೂರು ಕಿಲೋಮೀಟರ್ ಆಚೆ. ಇಂಥ ಮನೆಗೆ ಊರಿನ ಜಾಗದಲ್ಲಿ ನಿಲ್ಲೋದು ಕಂಟೋನ್ಮೆಂಟ್.

ಆಸ್ಪತ್ರೆಗೆ ಸೈನ್ಯದ್ದೇ ಮಿಲಿಟರಿ ಆಸ್ಪತ್ರೆ. ಶಾಲೆಗೆ ಕೇಂದ್ರೀಯ ವಿದ್ಯಾಲಯ ಇಲ್ಲಾ ಆರ್ಮಿ ಪಬ್ಲಿಕ್ ಸ್ಕೂಲ್. ಕೇಂದ್ರೀಯ ವಿದ್ಯಾಲಯಗಳು 1963ರಲ್ಲಿ ಶುರುವಾಗಿದ್ದೇ 20 ರೆಜಿಮೆಂಟಲ್ ಶಾಲೆಗಳನ್ನ ತಗೊಂಡು, ಇದು ನನಗೆ ಈಚೆಗೆ ಗೊತ್ತಾಯ್ತು. ಒಂದೇ ಪಠ್ಯ ಇರೋದ್ರಿಂದ ವರ್ಷದ ನಡುವೆ ಊರು ಬದಲಾದ್ರೂ ಮಗು ಪಾಠ ಹಿಡಿಯತ್ತೆ. ಅದಕ್ಕೆ ತೆರೋ ಬೆಲೆಯೂ ಇದೆ. ಅಕ್ಕನ ದೊಡ್ಡ ಮಗ ಕನಸಲ್ಲೂ ಹಿಂದಿ ಮಾತಾಡ್ತಾನೆ. ಅವನಿಗೆ ಸ್ಲೇಟಿನ ಮೇಲೆ ಅ ಆ ಇ ಈ ತಿದ್ದಿಸೋದು ಅಕ್ಕನ ಭಾನುವಾರದ ಕೆಲಸ.

ಇನ್ನು ಸೈನಿಕರ ಪತ್ನಿಯರ ಕಲ್ಯಾಣಕ್ಕೆ 1966ರಲ್ಲಿ ಶುರುವಾದ ಸಂಘಟನೆ ಇದೆ, ಆವ್ವಾ ಅಂತ ಕರೀತಾರೆ. ಹೊಲಿಗೆ, ಕಂಪ್ಯೂಟರ್ ತರಬೇತಿ, ವಿಶೇಷ ಅಗತ್ಯದ ಮಕ್ಕಳಿಗೆ ಆಶಾ ಶಾಲೆಗಳು, ವೀರ ನಾರಿಯರಿಗೆ ನೆರವು, ಇವೆಲ್ಲ ಅದರ ಕೆಲಸ. ಯೂನಿಟ್‌ನಲ್ಲಿ ಆಗಾಗ ಹೆಂಗಸರ ಸಭೆಯೂ ನಡೆಯತ್ತೆ. "ಸೀರೆ ಉಟ್ಕೊಂಡು ಹೋಗಿ ಕೂರೋದು ಒಂದು ಕೆಲಸ" ಅಂತ ಅಕ್ಕ ಗೊಣಗ್ತಿದ್ದಳು. ಆದ್ರೆ ದೊಡ್ಡವನಿಗೆ ರಾತ್ರಿ ಹನ್ನೊಂದಕ್ಕೆ ಜ್ವರ ನೆತ್ತಿಗೇರಿದಾಗ ನಾನು ಕೊಂಡಾಪುರದಿಂದ ಕ್ಯಾಬ್ ಹುಡುಕ್ತಿದ್ದೆ. ಅಷ್ಟರಲ್ಲಿ ಅವನನ್ನ ಆಸ್ಪತ್ರೆಗೆ ಸೇರಿಸಿದ್ದು ಆ ಸಭೆಯಲ್ಲಿ ಪರಿಚಯ ಆದ ಪಕ್ಕದ ಬ್ಲಾಕಿನ ಗಢವಾಲಿ ಹೆಂಗಸು.

ಎಲ್ಲದರ ಕೀಲಿ ಒಂದು ಸಾಲಿನ ದಾಖಲೆ

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಹೆರಿಗೆಗೆ ಅಕ್ಕ ಊರಿಗೆ ಹೋದಳು. ಹುಡುಗಿ ಹುಟ್ಟಿದಳು. ಆಸ್ಪತ್ರೆಯಲ್ಲಿ ತಾಯಿ ಹೆಸರು ಕೇಳಿದಾಗ ನಮ್ಮಮ್ಮ ಶಾಲೆ ಸರ್ಟಿಫಿಕೇಟಿನಲ್ಲಿ ಇರೋ ಹಾಗೆ, ಅಪ್ಪನ ಇನಿಷಿಯಲ್ ಸೇರಿಸಿ ಬರೆಸಿದ್ರು. ಸೈನ್ಯದ ದಾಖಲೆಯಲ್ಲಿ ಅಕ್ಕನ ಹೆಸರಿನ ಮುಂದೆ ಇರೋದು ಗಂಡನ ಹೆಸರು. ಕಾಗುಣಿತ ಕೂಡ ಬೇರೆ. ನಮ್ಮ ಕಡೆ ಇದೆಲ್ಲ ಯಾರೂ ತಲೆಗೆ ಹಾಕ್ಕೊಳ್ಳಲ್ಲ.

ಸೈನ್ಯದಲ್ಲಿ ಪಾರ್ಟ್ ಟೂ ಆರ್ಡರ್ ಅಂತ ಒಂದು ದಾಖಲೆ ಇದೆ. ಸೈನಿಕನ ಮದುವೆ, ಮಗು ಹುಟ್ಟಿದ್ದು, ಹೀಗೆ ಮನೆಯಲ್ಲಿ ಆಗೋ ಬದಲಾವಣೆಯನ್ನ ಯೂನಿಟ್‌ನವರು ಅದರಲ್ಲಿ ಪ್ರಕಟಿಸ್ತಾರೆ. ಅದು ರೆಕಾರ್ಡ್ಸ್ ಕಚೇರಿಗೆ ಹೋಗತ್ತೆ. ಅದರಲ್ಲಿ ಹೆಸರು ಬಂದ್ರೆ ಮಾತ್ರ ಹೆಂಡತಿ ಹೆಂಡತಿ, ಮಗು ಮಗು. ಅವಲಂಬಿತರ ಗುರುತಿನ ಚೀಟಿ, ಮಕ್ಕಳ ಶಿಕ್ಷಣ ಭತ್ಯೆ, ಮುಂದೆ ಆರೋಗ್ಯ ಕಾರ್ಡು, ಕೊನೆಗೆ ಕುಟುಂಬ ಪಿಂಚಣಿ, ಎಲ್ಲಕ್ಕೂ ಬುಡ ಅದೇ.

ಜನನ ಪ್ರಮಾಣಪತ್ರದ ತಾಯಿಯೂ ದಾಖಲೆಯ ಹೆಂಡತಿಯೂ ಒಬ್ಬರೇ ಅಂತ ಕಾಗದದಲ್ಲಿ ಕಾಣ್ತಿರಲಿಲ್ಲ. ಕಾಗದ ವಾಪಸ್ ಬಂತು. ಭಾವ ಬೆಟ್ಟದ ಮೇಲೆ. ಅಕ್ಕನ ಕೈಯಲ್ಲಿ ಕೂಸು. ವಾರಕ್ಕೆರಡು ಸಲ ಬರೋ ಫೋನಿನಲ್ಲಿ ಅವರಿಬ್ಬರೂ ಮಾತಾಡ್ತಿದ್ದಿದ್ದು ಇದೊಂದೇ. ಒಂದು ಸಲ ಭಾವ ನನಗೆ ಫೋನ್ ಮಾಡಿ ಹೇಳಿದ್ರು: "ಇಲ್ಲಿ ನಂಗೇನಾದ್ರೂ ಆದ್ರೆ ಮಗಳ ಹೆಸರು ಎಲ್ಲೂ ಇಲ್ಲ ಕಣಪ್ಪಾ." ಆ ಮಾತು ಕೇಳಿದಮೇಲೆ ನನಗೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ.

ಮಾರನೇ ದಿನ ರಜೆ ಹಾಕಿ ಊರಿಗೆ ಹೋದೆ. ಜನನ ನೋಂದಣಿ ಕಚೇರಿಯಲ್ಲಿ ಅಕ್ಕನ ಆಧಾರ್, ಮದುವೆ ನೋಂದಣಿ, ಇಬ್ಬರೂ ಒಬ್ಬರೇ ಅನ್ನೋ ಅಫಿಡವಿಟ್ ಕೊಟ್ಟು ತಾಯಿ ಹೆಸರು ತಿದ್ದಿಸೋಕೆ ಅರ್ಜಿ ಹಾಕಿದೆ. ಮೂರು ಸಲ ಓಡಾಡಿದೆ. ತಿದ್ದಿದ ಪತ್ರ ಕೈಗೆ ಬಂದಮೇಲೆ ಯೂನಿಟ್‌ನ ಕ್ಲರ್ಕ್ ಒಬ್ಬರು, ಬಿಹಾರದವರು, ಭಾವ ಇಲ್ದಿದ್ರೂ ಏನೇನು ಲಗತ್ತಿಸಬೇಕು ಅಂತ ಒಂದೊಂದಾಗಿ ಹೇಳಿಕೊಟ್ರು. ನಾಲ್ಕು ತಿಂಗಳಾದಮೇಲೆ ಆರ್ಡರ್‌ನಲ್ಲಿ ಮಗಳ ಹೆಸರು ಬಂತು. ಅಕ್ಕ ಅದರ ಫೋಟೋ ಕಳಿಸಿ ಕೆಳಗೆ ಏನೂ ಬರೆದಿರಲಿಲ್ಲ.

"ನಿಂಗೆ ಸೇರಿದ್ದಲ್ಲ" ಅಂದಿದ್ದು ನನಗೆ ಆಗ ಅರ್ಥ ಆಯ್ತು. ಆ ಗೇಟಿನ ಒಳಗೆ ಸಿಗೋ ಫ್ರಿಜ್ಜೂ ಔಷಧಿಯೂ ಶಾಲೆಯೂ ಒಂದೇ ಪಟ್ಟಿಯಿಂದ ಹುಟ್ಟಿದ್ದು. ಆ ಪಟ್ಟಿಯಲ್ಲಿ ಇರೋಕೆ ಆ ಮನೆ ಏನು ಕೊಟ್ಟಿದೆ ಅಂತ ಅವಳಿಗೆ ಗೊತ್ತಿತ್ತು.

ನಾವು ಏನು ಮಾಡಬಹುದು?

ನಿಮ್ಮ ಅಣ್ಣ, ಭಾವ, ಚಿಕ್ಕಪ್ಪ ಯಾರಾದ್ರೂ ಫೌಜಿನಲ್ಲಿದ್ರೆ ಮನೆಯಲ್ಲಿ ಇಂಗ್ಲಿಷು, ಇಂಟರ್ನೆಟ್ಟು ಬಲ್ಲವರು ಬಹುಶಃ ನೀವೇ. ಕಾರ್ಡ್ ಕೇಳೋ ಬದಲು ಒಂದು ಭಾನುವಾರ ಕೊಡಿ.

ಮೊದಲನೆಯದು, ಹೆಸರು ಹೊಂದಿಸಿ. ಹೆಂಡತಿ, ಮಕ್ಕಳ ಹೆಸರು, ಹುಟ್ಟಿದ ದಿನ ಪಾರ್ಟ್ ಟೂ ಆರ್ಡರ್, ಆಧಾರ್, ಜನನ ಪತ್ರ, ಬ್ಯಾಂಕ್ ಖಾತೆ ನಾಲ್ಕರಲ್ಲೂ ಒಂದೇ ಥರ ಇದೆಯಾ ನೋಡಿ. ಅಕ್ಷರ ಬೇರೆ ಇದ್ರೆ ಸರ್ವಿಸ್‌ನಲ್ಲಿ ಇರುವಾಗಲೇ ತಿದ್ದಿಸಿ. ನಿವೃತ್ತಿ ಆದಮೇಲೆ ಅದೇ ಕೆಲಸ ಹತ್ತುಪಟ್ಟು ಕಷ್ಟ.

ಎರಡನೆಯದು, ಹೆರಿಗೆಗೆ ಊರಿಗೆ ಹೋಗ್ತಿದ್ರೆ ಆಸ್ಪತ್ರೆಯಲ್ಲಿ ಬರೆಸೋ ಹೆಸರನ್ನ ಒಂದು ಚೀಟಿಯಲ್ಲಿ ಮೊದಲೇ ಬರೆದು ಅಮ್ಮನ ಕೈಗೆ ಕೊಟ್ಟಿಡಿ. ನಾವು ಇಷ್ಟು ಮಾಡಿದ್ರೆ ಸಾಕಿತ್ತು.

ಮೂರನೆಯದು, ತಂದೆ ತಾಯಿ. ಅವರಿಗೆ ಅವಲಂಬಿತರು ಅಂತ ಸೌಲಭ್ಯ ಸಿಗೋಕೆ ಆದಾಯದ ಮಿತಿ ಇದೆ, ಅವರ ಹೆಸರೂ ದಾಖಲಾಗಿರಬೇಕು. ತಾನಾಗೇ ಸಿಗತ್ತೆ ಅಂದ್ಕೋಬೇಡಿ.

ನಾಲ್ಕನೆಯದು, ನಿವೃತ್ತರು. ಅವರಿಗೆ 2003ರ ಏಪ್ರಿಲ್ 1ರಿಂದ ಇಸಿಎಚ್‌ಎಸ್ ಅನ್ನೋ ಆರೋಗ್ಯ ಯೋಜನೆ ಇದೆ. ಬೆಳಗಾವಿ, ಮಡಿಕೇರಿಯಂಥ ಊರುಗಳಲ್ಲಿ ಪಾಲಿಕ್ಲಿನಿಕ್ ಇವೆ. ಪಿಂಚಣಿ ಈಗ ಸ್ಪರ್ಶ್ ಅನ್ನೋ ಆನ್‌ಲೈನ್ ವ್ಯವಸ್ಥೆಯಲ್ಲಿ. ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರ ಕೊಡದಿದ್ರೆ ಹಣ ನಿಲ್ಲತ್ತೆ. ಅಪ್ಪನಿಗೋ ದೊಡ್ಡಪ್ಪನಿಗೋ ಅದನ್ನ ಮೊಬೈಲ್‌ನಲ್ಲಿ ಮಾಡಿಕೊಡೋಕೆ ಹೆಚ್ಚು ಹೊತ್ತೇನೂ ಬೇಡ. ಬೇರೆ ತೊಂದರೆ ಇದ್ರೆ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಜಿಲ್ಲಾ ಕಚೇರಿಗೆ ಹೋಗಬಹುದು.

ಭಾವ ಈಗ ಕೆಳಗೆ ಬಂದಿದ್ದಾರೆ, ಮುಂದಿನ ಪೋಸ್ಟಿಂಗ್ ಪುಣೆ. ಅಕ್ಕ ಮತ್ತೆ ಟ್ರಂಕು ಕಟ್ತಿದ್ದಾಳೆ. ನಾನು ಫ್ರಿಜ್ಜನ್ನ ಕೊಂಡಾಪುರದ ಅಂಗಡಿಯಲ್ಲೇ, ಕಂತಿನಲ್ಲಿ ತಗೊಂಡೆ. ಹುಡುಗಿಗೆ ಈಗ ಎರಡು ವರ್ಷ, ನನ್ನನ್ನ "ಮಾಮಾ" ಅಂತಾಳೆ. ಅದಾದ್ರೂ ಕನ್ನಡದಲ್ಲೂ ಹಿಂದಿಯಲ್ಲೂ ಒಂದೇ.

ನಿಮ್ಮ ಮನೆಯಲ್ಲೂ ಇಂಥ ಕಾಗದದ ಕಥೆ ಇದ್ರೆ ಬರೀರಿ, ಬೇರೆಯವರಿಗೂ ಉಪಯೋಗ ಆಗತ್ತೆ. ಮುಂದಿನ ವಾರ ಸಿಗೋಣ.