ವ್ಯೂರ್ತ್ಸ್‌ಬುರ್ಗ್: ದಾರಿಹೋಕರನ್ನು ನಿಲ್ಲಿಸಿಕೊಂಡ ಊರು

ಫ್ರಾಂಕ್‌ಫರ್ಟ್‌ನ ವಾಣಿಜ್ಯ ಮೇಳಗಳಿಗೆ ತೆರಳುವ ನಮ್ಮ ಉದ್ಯಮಿಗಳಿಗೆ ಒಂದು ದಿನದ ಬಿಡುವು ದೊರೆತರೆ ವ್ಯೂರ್ತ್ಸ್‌ಬುರ್ಗ್ ನಗರವನ್ನು ನೋಡಿಬರುವುದು ಕಷ್ಟವಲ್ಲ. ವೇಗದ ರೈಲಿನಲ್ಲಿ ಒಂದು ಗಂಟೆಗೆ ತುಸು ಹೆಚ್ಚಿನ ಹಾದಿ. ಮೈನ್ ನದಿಯ ದಂಡೆಯ ಮೇಲಿರುವ ಈ ಊರಿನ ಜನಸಂಖ್ಯೆ ಸುಮಾರು 1.3 ಲಕ್ಷ. ಇಲ್ಲಿನ ವಿಶ್ವವಿದ್ಯಾನಿಲಯದಲ್ಲಿ ಪ್ರೊ. ಬಿ.ಎ. ವಿವೇಕ ರೈ ಅವರು ಸಂದರ್ಶಕ ಪ್ರಾಧ್ಯಾಪಕರಾಗಿ ಕನ್ನಡ ಬೋಧಿಸಿದ್ದರು.

1720ರಲ್ಲಿ ಆರಂಭವಾದ ಇಲ್ಲಿನ ಅರಮನೆಯ ವಾಸ್ತುಶಿಲ್ಪಿ ಬಾಲ್ಟಜಾರ್ ನಾಯ್ಮಾನ್. ಅದರ ಮಹಾಸೋಪಾನದ ಮೇಲ್ಛಾವಣಿಗೆ ಇಟಲಿಯ ಟಿಯೆಪೊಲೊ 1752-53ರಲ್ಲಿ ಚಿತ್ರ ಬರೆದನು. 1981ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 1895ರಲ್ಲಿ ರಾಂಟ್‌ಜನ್ ಕ್ಷ-ಕಿರಣಗಳನ್ನು ಕಂಡುಹಿಡಿದ ಪ್ರಯೋಗಾಲಯವೂ ಇದೇ ಊರಿನಲ್ಲಿದೆ. ಆದರೆ ವರ್ತಕರ ಕಣ್ಣಿಗೆ ಬೀಳಬೇಕಾದುದು ಬೇರೆಯೇ ಇದೆ.

1945ರ ಮಾರ್ಚ್ 16ರ ರಾತ್ರಿ ಇಪ್ಪತ್ತು ನಿಮಿಷಗಳಷ್ಟರ ಬಾಂಬ್ ದಾಳಿಯಲ್ಲಿ ಹಳೆಯ ಪೇಟೆ ಬಹುತೇಕ ಸುಟ್ಟುಹೋಯಿತು. ಸತ್ತವರು ಸುಮಾರು ಐದು ಸಾವಿರ. ಆ ಬೂದಿ ಪೂರ್ತಿ ತೆರವಾಗುವ ಮೊದಲೇ, 1950ರಲ್ಲಿ, ಇಲ್ಲಿಂದ ದಕ್ಷಿಣದ ಫ್ಯೂಸೆನ್‌ವರೆಗಿನ ಊರುಗಳು ಒಂದಾಗಿ ತಮ್ಮ ನಡುವಿನ ರಸ್ತೆಗೆ 'ರೊಮ್ಯಾಂಟಿಕ್ ರಸ್ತೆ' ಎಂದು ಹೆಸರಿಟ್ಟವು. ರಸ್ತೆಗಳು ಮೊದಲಿನವೇ, ಊರುಗಳೂ ಮೊದಲಿನವೇ. ಹೊಸದಾಗಿ ಬಂದದ್ದು ಹೆಸರು, ಫಲಕ, ಒಟ್ಟಾದ ಪ್ರಚಾರ. ರೊಥೆನ್‌ಬುರ್ಗ್, ಡಿಂಕೆಲ್ಸ್‌ಬ್ಯೂಲ್‌ನಂತಹ ಚಿಕ್ಕ ಊರುಗಳ ಹೋಟೆಲುಗಳಿಗೂ ಜಪಾನಿನವರೆಗಿನ ಗಿರಾಕಿ ದೊರೆತದ್ದು ಹೀಗೆ.

ಸ್ಥಳೀಯ ಸರಕನ್ನು ಮಾರುವ ಬಗೆಯೂ ಗಮನಾರ್ಹವಾದುದು. ಸಂತರ ಶಿಲಾಮೂರ್ತಿಗಳಿರುವ ಹಳೆಯ ಸೇತುವೆಯ ತುದಿಯಲ್ಲಿ ಸುತ್ತಲಿನ ಗುಡ್ಡಗಳ ದ್ರಾಕ್ಷಾರಸವನ್ನು ಗಾಜಿನ ಲೋಟದಲ್ಲಿ ಕೊಡುತ್ತಾರೆ. ಲೋಟಕ್ಕೆ ಠೇವಣಿ ಇಡಬೇಕು, ಹಿಂದಿರುಗಿಸಿದರೆ ಹಣ ವಾಪಸು. ಪ್ರವಾಸಿಗರು ಸೇತುವೆಯ ಮೇಲೆಯೇ ನಿಂತು ಕುಡಿಯುತ್ತಾರೆ. ನಿಂತವರು ಊಟಕ್ಕೂ ಉಳಿಯುತ್ತಾರೆ. ಚಪ್ಪಟೆ ಹೊಟ್ಟೆಯ ಸೀಸೆಯೇ ಈ ಸೀಮೆಯ ಗುರುತು. 1576ರಲ್ಲಿ ಸ್ಥಾಪಿತವಾದ ಯೂಲಿಯುಸ್ ಆಸ್ಪತ್ರೆಯ ದತ್ತಿಗೆ ಇಂದಿಗೂ ಸ್ವಂತ ದ್ರಾಕ್ಷಿ ತೋಟಗಳಿವೆ. ಮದ್ಯ ಮುಟ್ಟದವರಿಗೂ ಈ ಲೆಕ್ಕ ರುಚಿಸೀತು.

ಈಗ ನಮ್ಮ ನಾಲ್ಕು ತಾಲ್ಲೂಕುಗಳತ್ತ ತಿರುಗಿದರೆ ಸಾಮಗ್ರಿಗೆ ಕೊರತೆಯಿಲ್ಲ. ಮೈಸೂರಿನಿಂದ ಮಡಿಕೇರಿಗೆ ಹೋಗುವ ವಾಹನಗಳು ಹುಣಸೂರಿನ ಮೂಲಕವೇ ಸಾಗುತ್ತವೆ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ 1999ರಲ್ಲಿ ಉದ್ಘಾಟನೆಯಾದ ಸ್ವರ್ಣಮಂದಿರವಿದೆ. ಬೆಟ್ಟದಪುರದ ಬೆಟ್ಟದ ಮೇಲೆ ಸಿಡಿಲು ಮಲ್ಲಿಕಾರ್ಜುನನಿದ್ದಾನೆ. ಕೆ.ಆರ್. ನಗರದ ಕಡೆ ಚುಂಚನಕಟ್ಟೆಯ ಜಲಪಾತ, ಕೋದಂಡರಾಮನ ಗುಡಿ, ಸಂಕ್ರಾಂತಿಯ ದನಗಳ ಜಾತ್ರೆ. ಎಚ್.ಡಿ. ಕೋಟೆಯಲ್ಲಿ ಕಬಿನಿ ಜಲಾಶಯ ಮತ್ತು ನಾಗರಹೊಳೆಯ ಕಾಡು. ಇವನ್ನು ನೋಡಬಂದವರಲ್ಲಿ ಎಷ್ಟು ಮಂದಿ ಪಕ್ಕದ ತಾಲ್ಲೂಕಿಗೆ ಹೊರಳುತ್ತಾರೆ? ಸ್ವರ್ಣಮಂದಿರ ನೋಡಿದವರು ಕುಶಾಲನಗರದತ್ತ ಸಾಗುತ್ತಾರೆ, ಕಬಿನಿಗೆ ಬಂದವರು ಮೈಸೂರಿಗೆ ಮರಳುತ್ತಾರೆ.

ತಂಬಾಕಿನ ಹಣ ಹರಾಜಿನ ತಿಂಗಳುಗಳಲ್ಲಿ ಪೇಟೆಗೆ ಇಳಿದು, ಅಷ್ಟೇ ಬೇಗ ಸಾಲದ ಬಾಬ್ತಿಗೆ ಹೋಗುತ್ತದೆ. ಉಳಿದ ತಿಂಗಳುಗಳಲ್ಲಿ ಅಂಗಡಿ, ಹೋಟೆಲು, ವಸತಿಗೃಹಗಳಿಗೆ ವ್ಯಾಪಾರ ತರಬಲ್ಲ ಗಿರಾಕಿ ಪ್ರತಿದಿನ ಕಿಟಕಿಯ ಗಾಜು ಏರಿಸಿಕೊಂಡು ಹಾದುಹೋಗುತ್ತಿದ್ದಾನೆ. ನಾಲ್ಕೂ ಪಟ್ಟಣಗಳ ವರ್ತಕರು ಕೂಡಿ ಒಂದು ಮಾರ್ಗನಕ್ಷೆ ಅಚ್ಚು ಹಾಕಿಸಿ ಪ್ರತಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಬಳಿ ಇರಿಸುವುದು ದೊಡ್ಡ ಬಂಡವಾಳದ ಕೆಲಸವೇನಲ್ಲ.

ವ್ಯೂರ್ತ್ಸ್‌ಬುರ್ಗ್‌ಗೆ ಹೋಗುವವರಿಗೆ ಒಂದು ಸೂಚನೆ: ಜರ್ಮನಿಯಲ್ಲಿ ಭಾನುವಾರ ಅಂಗಡಿಗಳು ಸಾಮಾನ್ಯವಾಗಿ ಮುಚ್ಚಿರುತ್ತವೆ. ಪೇಟೆಯ ವಹಿವಾಟು ನೋಡುವ ಆಸಕ್ತಿಯುಳ್ಳವರು ಶನಿವಾರದೊಳಗೆ ಹೋಗತಕ್ಕದ್ದು.