ಶಿಬಿರ ಪಾದರಕ್ಷೆ

ಶಿಬಿರ ಪಾದರಕ್ಷೆ ಎಂದರೆ ಹಲವು ದಿನಗಳ ಚಾರಣದಲ್ಲಿ ದಿನದ ನಡಿಗೆ ಮುಗಿದ ಬಳಿಕ ಬಿಡಾರದ ಸುತ್ತಮುತ್ತ ಧರಿಸಲು ಚಾರಣಿಗರು ಬೆನ್ನುಚೀಲದಲ್ಲಿ ಒಯ್ಯುವ ಹಗುರವಾದ ಎರಡನೆಯ ಜೊತೆ ಪಾದರಕ್ಷೆ. ನಡಿಗೆಯ ಬೂಟು ದಾರಿಯಲ್ಲಿ ಕೆಟ್ಟಾಗ ಅಥವಾ ಕಳೆದುಹೋದಾಗ ಅದರ ಸ್ಥಾನದಲ್ಲಿ ಬಳಸುವ ಜೊತೆಯನ್ನು ಬದಲಿ ಪಾದರಕ್ಷೆ ಎನ್ನಬಹುದು. ಹೊರೆ ಕಡಿಮೆಯಾಗಲೆಂದು ಬಹುತೇಕರು ಒಂದೇ ಜೊತೆಯಿಂದ ಈ ಎರಡೂ ಕೆಲಸಗಳನ್ನು ನಿರೀಕ್ಷಿಸುತ್ತಾರೆ. ಆದರೆ ಬಿಡಾರದಲ್ಲಿ ಹಿತವೆನಿಸುವ ಚಪ್ಪಲಿ ಕಡಿದಾದ ಇಳಿಜಾರಿನಲ್ಲಿ ಹತ್ತು ಕಿಲೋಮೀಟರ್ ನಡೆಯಲು ಒದಗದೆ ಹೋಗಬಹುದು. ಆಯ್ಕೆಯ ತೊಡಕೆಲ್ಲ ಇರುವುದು ಇಲ್ಲಿಯೇ.

ಅಗತ್ಯ

ಹೊರೆ ಹೊತ್ತು ಇಡೀ ದಿನ ನಡೆದಾಗ ಪಾದಗಳು ಬೆವರಿ ತುಸು ಊದಿಕೊಳ್ಳುತ್ತವೆ. ತೇವದಲ್ಲಿ ನೆನೆದು ಮೆತ್ತಗಾದ ಚರ್ಮ ಬೂಟಿನ ಉಜ್ಜುವಿಕೆಗೆ ಬೇಗ ಗುಳ್ಳೆ ಏಳುತ್ತದೆ. ದಿನಗಟ್ಟಲೆ ಒದ್ದೆಯಾಗಿಯೂ ತಣ್ಣಗೂ ಉಳಿದ ಪಾದಕ್ಕೆ ರಕ್ತಸಂಚಾರ ಕುಗ್ಗಿ ಅಂಗಾಂಶಗಳಿಗೆ ಹಾನಿಯಾಗುವುದೂ ಉಂಟು. ಮೊದಲ ಮಹಾಯುದ್ಧದಲ್ಲಿ ನೀರು ತುಂಬಿದ ಕಂದಕಗಳಲ್ಲಿ ನಿಂತ ಸೈನಿಕರನ್ನು ಕಾಡಿದ್ದರಿಂದ ಈ ತೊಂದರೆಗೆ ಟ್ರೆಂಚ್ ಫುಟ್ ಎಂಬ ಹೆಸರು ಬಂದಿದೆ. ಸಂಜೆ ಬೂಟು ಕಳಚಿ, ಪಾದಗಳನ್ನು ಒರೆಸಿ, ಒಣ ಕಾಲುಚೀಲ ಧರಿಸಿ ಗಾಳಿಯಾಡಲು ಬಿಡುವುದೇ ಇದಕ್ಕೆ ಸರಳವಾದ ತಡೆ. ಹಾಗೆಂದು ಬರಿಗಾಲಿನಲ್ಲಿ ಓಡಾಡುವುದು ಸಲ್ಲದು. ನೀರು ತರಲು, ರಾತ್ರಿ ಬಹಿರ್ದೆಸೆಗೆ ಹೋಗಲು ಏಳಲೇಬೇಕು. ಮುಳ್ಳು, ಒಡೆದ ಗಾಜು, ಚೇಳುಗಳು ಕತ್ತಲಲ್ಲಿ ಕಾಣುವುದಿಲ್ಲ.

ಬೂಟು ಕೆಡುವ ಬಗೆ

ನಡಿಗೆಯ ಬೂಟು ಸವೆದು ಹರಿಯುವುದು ನಿಧಾನವಾಗಿ, ಮುನ್ಸೂಚನೆಯೊಡನೆ. ಅನಿರೀಕ್ಷಿತವಾಗಿ ಕೈಕೊಡುವುದು ಅದರ ಅಟ್ಟೆ. ಅನೇಕ ಚಾರಣದ ಬೂಟುಗಳಲ್ಲಿ ಮೇಲ್ಭಾಗಕ್ಕೂ ಕೆಳಗಿನ ರಬ್ಬರ್ ಅಟ್ಟೆಗೂ ನಡುವೆ ಪಾಲಿಯುರೆಥೇನ್ ನೊರೆಯ ಪದರವಿರುತ್ತದೆ. ಗಾಳಿಯಲ್ಲಿರುವ ತೇವಾಂಶ ಈ ವಸ್ತುವಿನೊಡನೆ ವರ್ತಿಸಿ ಅದರ ಅಣುಸರಪಳಿಗಳನ್ನು ಕ್ರಮೇಣ ತುಂಡರಿಸುತ್ತದೆ. ರಸಾಯನಶಾಸ್ತ್ರದಲ್ಲಿ ಇದಕ್ಕೆ ಜಲವಿಚ್ಛೇದನ ಎಂದು ಹೆಸರು. ಸೆಖೆ ಮತ್ತು ತೇವ ಎರಡೂ ಇರುವ ಕಡೆ ಈ ಕ್ರಿಯೆ ಚುರುಕಾಗುತ್ತದೆ. ಕರಾವಳಿ ಮತ್ತು ಮಲೆನಾಡಿನ ಮನೆಗಳಲ್ಲಿ ಪೆಟ್ಟಿಗೆಯೊಳಗೆ ಜೋಪಾನವಾಗಿ ಎತ್ತಿಟ್ಟ ಬೂಟು ಬಳಸದೆಯೇ ಒಳಗೊಳಗೆ ಪುಡಿಯಾಗಿರಬಹುದು. ಹೊರನೋಟಕ್ಕೆ ಅದು ಹೊಸದರಂತೆಯೇ ಕಾಣುತ್ತದೆ. ನಡೆಯತೊಡಗಿದ ಕೆಲವೇ ಗಂಟೆಗಳಲ್ಲಿ ಅಟ್ಟೆ ಇಡಿಯಾಗಿ ಕಳಚಿಬೀಳುತ್ತದೆ. ಒಂದೇ ಸಮಯದಲ್ಲಿ ಕೊಂಡ ಜೊತೆಯಾದ್ದರಿಂದ ಒಂದು ಬಿದ್ದರೆ ಇನ್ನೊಂದೂ ಹೆಚ್ಚು ಹೊತ್ತು ತಡೆಯುವುದಿಲ್ಲ. ಹಗ್ಗ, ಬೂಟಿನ ದಾರ ಅಥವಾ ಡಕ್ಟ್ ಟೇಪಿನಿಂದ ಬಿಗಿದು ಸ್ವಲ್ಪ ದೂರ ಸಾಗಬಹುದು. ಕಲ್ಲಿನ ದಾರಿಯಲ್ಲಿ ಅಂಥ ಕಟ್ಟು ಬಹುಕಾಲ ನಿಲ್ಲದು.

ಬೂಟು ಕಳೆದುಹೋದ ಪ್ರಸಂಗಗಳಲ್ಲಿ ಅಮೆರಿಕದ ಲೇಖಕಿ ಶೆರಿಲ್ ಸ್ಟ್ರೇಡ್ ಅವರದು ಪ್ರಸಿದ್ಧ. 1995ರಲ್ಲಿ ಪೆಸಿಫಿಕ್ ಕ್ರೆಸ್ಟ್ ಟ್ರೈಲ್ ಎಂಬ ದೀರ್ಘ ಚಾರಣಪಥದಲ್ಲಿ ನಡೆಯುತ್ತಿದ್ದಾಗ ಅವರ ಒಂದು ಬೂಟು ಕಡಿದಾದ ಇಳಿಜಾರಿನಿಂದ ಕೆಳಗೆ ಬಿತ್ತು. ಒಂಟಿ ಬೂಟಿನಿಂದ ಪ್ರಯೋಜನವಿಲ್ಲವೆಂದು ಎರಡನೆಯದನ್ನೂ ಎಸೆದರು. ಹೊಸ ಬೂಟು ಕೈಸೇರುವ ತನಕ ಅವರನ್ನು ಕಾಪಾಡಿದ್ದು ಡಕ್ಟ್ ಟೇಪ್ ಸುತ್ತಿಕೊಂಡ, ಬಿಡಾರಕ್ಕೆಂದು ತಂದಿದ್ದ ಚಪ್ಪಲಿ. 2012ರಲ್ಲಿ ಪ್ರಕಟವಾದ ಅವರ 'ವೈಲ್ಡ್' ಕೃತಿಯಲ್ಲಿ ಇದರ ವಿವರವಿದೆ.

ವಿಧಗಳು

ಭಾರತದಲ್ಲಿ ಅತಿ ಸುಲಭವಾಗಿ ದೊರೆಯುವುದು ರಬ್ಬರಿನ ಹವಾಯಿ ಚಪ್ಪಲಿ. ಅದು ಅಗ್ಗ, ನೀರಿಗೆ ಹೆದರುವುದಿಲ್ಲ, ಬಾರು ಕಿತ್ತರೆ ಪಿನ್ನು ಹಾಕಿ ಮುಂದುವರಿಯಬಹುದು. ಆದರೆ ಬೆರಳ ಸಂದಿಯ ಬಾರಿನಿಂದಾಗಿ ಮಾಮೂಲಿ ಕಾಲುಚೀಲದೊಡನೆ ಧರಿಸಲಾಗದು. ಹರಿಯುವ ನೀರಿನಲ್ಲಿ ಕಾಲಿನಿಂದ ಜಾರಿ ತೇಲಿಹೋಗುತ್ತದೆ. ಇಳಿಜಾರಿನಲ್ಲಿ ಪಾದ ಮುಂದಕ್ಕೆ ಸರಿದು ಬೆರಳುಗಳೇ ಹಿಡಿತದ ಭಾರವನ್ನೆಲ್ಲ ಹೊರಬೇಕಾಗುತ್ತದೆ. ಬಿಡಾರಕ್ಕೆ ಇದು ಧಾರಾಳವಾಗಿ ಸಾಕು. ಬದಲಿಯಾಗಿ ನೆಚ್ಚಲಾಗದು.

ಈ ಕೊರತೆಯನ್ನು ನೀಗಿಸುವುದು ಹಿಮ್ಮಡಿಯ ಪಟ್ಟಿ. ಗ್ರ್ಯಾಂಡ್ ಕ್ಯಾನಿಯನ್ ಕಣಿವೆಯಲ್ಲಿ ದೋಣಿಯಾನದ ಮಾರ್ಗದರ್ಶಿಯಾಗಿದ್ದ ಮಾರ್ಕ್ ಥ್ಯಾಚರ್ 1984ರಲ್ಲಿ ಸಾಮಾನ್ಯ ಚಪ್ಪಲಿಗೆ ಕಣಕಾಲಿನ ಪಟ್ಟಿ ಸೇರಿಸಿ ರೂಪಿಸಿದ ಟೇವಾ ಸ್ಯಾಂಡಲ್ ಇಂಥ ಪಾದರಕ್ಷೆಗಳಿಗೆ ಮಾದರಿಯಾಯಿತು. ಪಟ್ಟಿಗಳನ್ನು ಸಡಿಲಿಸಬಹುದಾದ್ದರಿಂದ ಊದಿದ ಪಾದಕ್ಕೂ, ಬಟ್ಟೆ ಕಟ್ಟಿದ ಗಾಯಕ್ಕೂ ಅದು ಹೊಂದಿಕೊಳ್ಳುತ್ತದೆ. ಎರಡೂ ಕೆಲಸಕ್ಕೆ ಒಂದೇ ಜೊತೆ ಒಯ್ಯುವವರಿಗೆ ಹೆಚ್ಚು ಒಪ್ಪುವುದು ಈ ವಿಧವೇ, ತೂಕ ತುಸು ಅಧಿಕವಾದರೂ.

ಕ್ರಾಕ್ಸ್ ಮಾದರಿಯ ನೊರೆಯ ಪಾದರಕ್ಷೆಗಳು ನೀರು ಹೀರದೆ ಬೇಗ ಒಣಗುತ್ತವೆ ಮತ್ತು ಬೆರಳುಗಳನ್ನು ಮುಚ್ಚುತ್ತವೆ. ಅವುಗಳ ಹಿಂಬದಿಯ ಪಟ್ಟಿಯನ್ನು ತೊರೆ ದಾಟುವಾಗ ಹಿಮ್ಮಡಿಗೆ ತಿರುಗಿಸಿಕೊಳ್ಳಬೇಕು. ಚೀಲದಲ್ಲಿ ಜಾಗ ಹೆಚ್ಚು ಬೇಡುವುದರಿಂದ ಇವನ್ನು ಹೊರಗೆ ನೇತುಹಾಕುವುದು ರೂಢಿ. ಕಾಡುದಾರಿಯಲ್ಲಿ ಪೊದೆಗಳಿಗೆ ಸಿಕ್ಕಿ ಒಂಟಿಯಾಗುವುದೂ ಹೀಗೆಯೇ.

ಹಿಮಾಲಯದ ಎತ್ತರದ ಬಿಡಾರಗಳಲ್ಲಿ ತೆರೆದ ಚಪ್ಪಲಿಗಿಂತ ದಪ್ಪ ಕಾಲುಚೀಲ ಹಿಡಿಸುವ ಮುಚ್ಚಿದ ಪಾದರಕ್ಷೆ ಲೇಸು. ಹೆಪ್ಪುಗಟ್ಟಿದ ಝಂಸ್ಕಾರ್ ನದಿಯ ಮೇಲಿನ ಚಾದರ್ ಚಾರಣದಲ್ಲಂತೂ ನಡಿಗೆಗೇ ಗಮ್‌ಬೂಟು ಧರಿಸುವ ವಾಡಿಕೆಯಿದೆ.

ತೂಕದ ಪ್ರಶ್ನೆ

ಎರಡನೆಯ ಜೊತೆಯೇ ಬೇಡವೆನ್ನುವವರೂ ಇದ್ದಾರೆ. ಬೇಗ ಒಣಗುವ ಹಗುರ ಓಟದ ಶೂ ಧರಿಸಿ, ಅದರಲ್ಲಿಯೇ ತೊರೆ ದಾಟಿ, ಸಂಜೆ ಅದರ ದಾರವನ್ನೇ ಸಡಿಲಿಸಿಕೊಳ್ಳುವುದು ಅವರ ಕ್ರಮ. 1955ರಲ್ಲಿ 67ನೆಯ ವಯಸ್ಸಿನಲ್ಲಿ ಅಪಲಾಚಿಯನ್ ಟ್ರೈಲನ್ನು ಒಬ್ಬಂಟಿಯಾಗಿ ಪೂರೈಸಿದ ಎಮಾ ಗೇಟ್‌ವುಡ್ ಅದಕ್ಕೆ ಬಳಸಿದ್ದು ಸಾದಾ ಕ್ಯಾನ್ವಾಸ್ ಶೂಗಳನ್ನು. ಅವರು ದಾರಿಯಲ್ಲಿ ಹಲವು ಜೊತೆಗಳನ್ನು ಸವೆಸಿದರೆಂಬುದನ್ನೂ ಗಮನಿಸಬೇಕು. ಊರುಗಳು ಆಗಾಗ ಸಿಗುವ ಪಥದಲ್ಲಿ ಈ ಕ್ರಮ ನಡೆಯುತ್ತದೆ. ರಸ್ತೆ ಎರಡು ಮೂರು ದಿನಗಳ ದೂರದಲ್ಲಿದ್ದರೆ ಕೆಲವು ನೂರು ಗ್ರಾಂ ಉಳಿಸಲು ಇಷ್ಟು ಅಪಾಯ ಮೈಮೇಲೆಳೆದುಕೊಳ್ಳುವುದು ವಿವೇಕವೆನಿಸದು.

ಪಶ್ಚಿಮ ಘಟ್ಟಗಳಲ್ಲಿ

ಕರ್ನಾಟಕದ ಘಟ್ಟಗಳಲ್ಲಿ ಮಳೆಗಾಲದ ಚಾರಣಿಗನಿಗೆ ಇಂಬಳದ ಕಾಟವಿದೆ. ತೆರೆದ ಸ್ಯಾಂಡಲಿನಲ್ಲಿ ಬೆರಳ ಸಂದಿ ಸೇರಿದ ಇಂಬಳ ರಕ್ತ ಕಂಡ ಮೇಲೆಯೇ ಗೊತ್ತಾಗುವುದು. ಹಾಗಾಗಿ ಇಲ್ಲಿ ಮುಚ್ಚಿದ ಪಾದರಕ್ಷೆ ಮತ್ತು ಒತ್ತಾದ ನೇಯ್ಗೆಯ ಉದ್ದ ಕಾಲುಚೀಲ ಉತ್ತಮ. ದಾರಿ ಕಿರಿದೆಂದು ಬದಲಿ ಜೊತೆಯನ್ನು ಕಡೆಗಣಿಸುವುದೂ ಸರಿಯಲ್ಲ. 1,712 ಮೀಟರ್ ಎತ್ತರದ ಕುಮಾರಪರ್ವತದಿಂದ ಕುಕ್ಕೆ ಸುಬ್ರಹ್ಮಣ್ಯಕ್ಕೆ ಬರಲು 1,500 ಮೀಟರಿಗೂ ಹೆಚ್ಚು ಇಳಿಯಬೇಕು. ಅಟ್ಟೆ ಕಳಚಿದವರಿಗೆ ನಡುವೆ ವಾಹನ ಸಿಗುವುದಿಲ್ಲ.

ಪರೀಕ್ಷೆ ಮತ್ತು ಪಾಲನೆ

ಬದಲಿ ಜೊತೆಯನ್ನು ಕಾಲುಚೀಲ ಧರಿಸಿ, ತುಂಬಿದ ಚೀಲ ಹೊತ್ತು, ಹೊರಡುವ ಮೊದಲೇ ಕೆಲವು ಕಿಲೋಮೀಟರ್ ಒರಟು ನೆಲದಲ್ಲಿ ನಡೆದು ನೋಡಬೇಕು. ಮೆಟ್ಟಿಲು ಇಳಿಯುವಾಗ ಬೆರಳು ಮುಂದಕ್ಕೆ ಒತ್ತಿದರೆ ಅದು ಬಿಡಾರಕ್ಕೆ ಮಾತ್ರ ತಕ್ಕದ್ದು. ಹಳೆಯ ಬೂಟಿನ ಅಟ್ಟೆಯ ಬದಿಯನ್ನು ಹೆಬ್ಬೆರಳಿನಿಂದ ಒತ್ತಿ, ಬಾಗಿಸಿ ನೋಡುವುದೂ ಅಗತ್ಯ: ಬಿರುಕು ಕಂಡರೆ ಅಥವಾ ಪುಡಿ ಉದುರಿದರೆ ಅದನ್ನು ಮನೆಯಲ್ಲಿಯೇ ಬಿಡಬೇಕು. ಒದ್ದೆ ಬೂಟನ್ನು ಬೆಂಕಿಯ ಬಳಿ ಒಣಗಿಸಿದರೆ ಅಂಟು ಬಿಡುತ್ತದೆ, ತೊಗಲು ಸೆಟೆಯುತ್ತದೆ. ನೊರೆಯ ಪಾದರಕ್ಷೆಗಳು ಹೆಚ್ಚು ಶಾಖಕ್ಕೆ ಕುಗ್ಗುವುದರಿಂದ ಅವನ್ನು ಬಿಸಿಲಿಗೆ ನಿಲ್ಲಿಸಿದ ಮುಚ್ಚಿದ ಕಾರಿನೊಳಗೂ ಬಿಡಬಾರದು. ರಾತ್ರಿ ಹೊರಗಿಟ್ಟ ಯಾವುದೇ ಪಾದರಕ್ಷೆಯನ್ನು ಬೆಳಗ್ಗೆ ತಲೆಕೆಳಗಾಗಿ ಕೊಡವಿದ ನಂತರವೇ ಕಾಲಿಡಬೇಕು.