ಸಿಲೋನಿನಿಂದ ಸುಳ್ಯಕ್ಕೆ

1948ರ ಪೌರತ್ವ ಕಾಯ್ದೆ ಸಿಲೋನಿನ (ಇಂದಿನ ಶ್ರೀಲಂಕಾ) ತೋಟಗಳಲ್ಲಿ ದುಡಿಯುತ್ತಿದ್ದ ಭಾರತ ಮೂಲದ ಲಕ್ಷಾಂತರ ತಮಿಳರನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. ಬ್ರಿಟಿಷರ ಕಾಲದಲ್ಲಿ ಇವರ ಹಿರಿಯರು ಅಲ್ಲಿಗೆ ಹೋದದ್ದು ಕಾಫಿ ತೋಟಗಳ ಕೆಲಸಕ್ಕೆ. ಎಲೆ ತುಕ್ಕು ರೋಗ ಅಲ್ಲಿನ ಕಾಫಿಯನ್ನು ಅಳಿಸಿದ ಮೇಲೆ ಚಹಾ ತೋಟಗಳೇ ಅವರ ಬದುಕಾದವು.

1964ರ ಅಕ್ಟೋಬರ್ 30ರಂದು ಭಾರತದ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿ ಮತ್ತು ಸಿಲೋನಿನ ಪ್ರಧಾನಿ ಸಿರಿಮಾವೊ ಬಂಡಾರನಾಯಕೆ ಇವರ ಕುರಿತ ಒಪ್ಪಂದಕ್ಕೆ ಸಹಿ ಹಾಕಿದರು. ಒಟ್ಟು 9,75,000 ಜನರಲ್ಲಿ 5,25,000 ಮಂದಿ ಭಾರತಕ್ಕೆ, 3,00,000 ಮಂದಿ ಸಿಲೋನಿಗೆ ಎಂದಾಯಿತು. ಉಳಿದ 1,50,000 ಮಂದಿಯನ್ನು 1974ರಲ್ಲಿ ಎರಡೂ ದೇಶಗಳು ಸಮನಾಗಿ ಹಂಚಿಕೊಂಡವು. ಆ ಕಾರ್ಮಿಕರನ್ನು ಮಾತ್ರ ಯಾರೂ ಕೇಳಲಿಲ್ಲ.

ಹಾಗೆ ಬಂದವರಲ್ಲಿ ಹಲವು ಕುಟುಂಬಗಳಿಗೆ ದಕ್ಷಿಣ ಕನ್ನಡದ ಸುಳ್ಯ, ಪುತ್ತೂರು ಭಾಗದ ಸರ್ಕಾರಿ ರಬ್ಬರ್ ತೋಟಗಳಲ್ಲಿ ಕೆಲಸ ಕೊಡಲಾಯಿತು. ಭಾರತದ ಪೌರತ್ವ ಸಿಕ್ಕಿತು. ಆದರೂ ಜಾತಿ ಪ್ರಮಾಣಪತ್ರಕ್ಕಾಗಿ ಅವರ ಮಕ್ಕಳು ವರ್ಷಗಟ್ಟಲೆ ಕಚೇರಿ ಅಲೆಯಬೇಕಾಯಿತು.

ನೆಲೆ ಕಳೆದುಕೊಂಡವರು ಇವರಷ್ಟೇ ಅಲ್ಲ. ಅದೇ 1948ರಲ್ಲಿ ಸುಮಾರು 7 ಲಕ್ಷ ಪ್ಯಾಲೆಸ್ಟೀನಿಯರು ಮನೆ ಕಳೆದುಕೊಂಡರು. ಮರಳುವ ಹಕ್ಕು ಅಥವಾ ಪರಿಹಾರ ಕೊಡಬೇಕೆಂದು ವಿಶ್ವಸಂಸ್ಥೆಯ 194ನೇ ನಿರ್ಣಯ ಆ ವರ್ಷವೇ ಹೇಳಿತು. ಅದು ಇಂದಿಗೂ ಜಾರಿಯಾಗಿಲ್ಲ.

ಇತ್ತ ಶ್ರೀಲಂಕಾ ತನ್ನಲ್ಲಿ ಉಳಿದ ಭಾರತ ಮೂಲದ ತಮಿಳರಿಗೆ ಪೌರತ್ವ ಕೊಡಲು 2003ರಲ್ಲಿ ಕಾನೂನು ಮಾಡಿತು. ಜನರನ್ನು ಕೇಳದೆ ಅವರ ನೆಲೆಯನ್ನು ತೀರ್ಮಾನಿಸುವುದು ಎಲ್ಲಿ ನಡೆದರೂ ಅನ್ಯಾಯವೇ.